ಮೂರನೇ ಅವಧಿಯ ಮೊದಲ ಆರು ನಿಮಿಷ

ಆ ಪಿಕಪ್ ಟ್ರಕ್ಕನ್ನು ಐಸಿನ ಮೇಲೆ ತರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಜಗಳವಾಡಿದ್ದನ್ನೆಲ್ಲ ಓದುವಾಗ ಇವಳೇನೋ ದೊಡ್ಡ ಸತ್ಯವಂತೆ ಎಂದು ಯಾರೂ ಅಂದುಕೊಳ್ಳಬಾರದು.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಾರ್ತ್ ಕೆರೊಲಿನಾದಲ್ಲಿ, ಶಾರ್ಲಟ್‌ನಿಂದ ಒಂದು ಗಂಟೆ ದೂರದ ಊರೊಂದರ ಐಸ್ ಹಾಕಿ ತಂಡದಲ್ಲಿ ನನಗೆ ಕೆಲಸ. ವೃತ್ತಿಪರ ತಂಡವೇ, ಆದರೆ ಕೆಳಗಿನ ಲೀಗಿನದು. ಆಟಗಾರರೆಲ್ಲ ಕೆನಡಾದಿಂದಲೋ ಉತ್ತರದ ರಾಜ್ಯಗಳಿಂದಲೋ ಬಂದವರು. ನೋಡಲು ಬರುವವರು ಜನ್ಮದಲ್ಲಿ ಸ್ಕೇಟ್ ಕಟ್ಟದವರು. ಒಂದು ಇಂಚು ಹಿಮ ಬಿದ್ದರೆ ಶಾಲೆಗೆ ರಜೆ ಕೊಟ್ಟು, ಅಂಗಡಿಯ ಹಾಲು ಬ್ರೆಡ್ಡನ್ನೆಲ್ಲ ಖಾಲಿ ಮಾಡುವ ಊರು ಅದು. ಅಂಥವರಿಗೆ ಐಸ್ ಹಾಕಿ ಆಟವನ್ನು ಮಾರಬೇಕಿತ್ತು. ಆಟ ಅರ್ಥವಾಗದಿದ್ದರೂ ಜನ ಬರಬೇಕೆಂದರೆ ನಡುವೆ ಏನಾದರೂ ತಮಾಷೆ ಬೇಕು. ಆ ತಮಾಷೆಗಳ ಉಸ್ತುವಾರಿ ನನ್ನದು. ಕಿವಿಗೊಂದು ಹೆಡ್‌ಸೆಟ್ ಸಿಕ್ಕಿಸಿಕೊಂಡು ಗೇಟಿನ ಪಕ್ಕ ನಿಂತು, "ಈಗ ಬಿಡಿ" ಎನ್ನುವುದು.

ಆಟಕ್ಕೆ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಅವಧಿ, ನಡುವೆ ಹದಿನೈದು ನಿಮಿಷದ ಎರಡು ವಿರಾಮ. ಎರಡನೇ ವಿರಾಮಕ್ಕೆ ನಾನೊಂದು ಆಟ ಕಟ್ಟಿದ್ದೆ. ಊರಿನ ಟ್ರಕ್ ಡೀಲರ್ ಒಬ್ಬರ ಹೊಸ ಪಿಕಪ್ ಐಸಿನ ಮೇಲೆ ಬಂದು ನಿಲ್ಲುತ್ತದೆ. ಪ್ರೇಕ್ಷಕರು ತಮ್ಮ ನಂಬರಿನ ರಬ್ಬರ್ ಬಿಲ್ಲೆಗಳನ್ನು ಕೂತಲ್ಲಿಂದಲೇ ಎಸೆಯುತ್ತಾರೆ. ಟ್ರಕ್ಕಿನ ಹಿಂಬದಿಯ ತೊಟ್ಟಿಯೊಳಗೆ ಬಿದ್ದ ನಂಬರುಗಳಿಗೆಲ್ಲ ಬಹುಮಾನ, ಸೀಸನ್ ಮುಗಿದಾಗ ಅವರಲ್ಲೊಬ್ಬರಿಗೆ ಟ್ರಕ್ಕೇ ಬಹುಮಾನ. ಜನ ಹುಚ್ಚೆದ್ದು ಬಂದರು. ಜನರಲ್ ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಬೆನ್ನು ತಟ್ಟಿದ. ನನಗೂ ಜಂಭ ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ಅದೇ ಹೊತ್ತಿಗೆ ತಂಡ ಸೋಲತೊಡಗಿತ್ತು. ವಿಚಿತ್ರವೆಂದರೆ ಬೇರೆ ಊರುಗಳಲ್ಲಿ ಗೆದ್ದು ಬರುತ್ತಿದ್ದವರು ಮನೆಯಂಗಳದಲ್ಲೇ ಸೋಲುತ್ತಿದ್ದರು. ಎರಡು ಅವಧಿ ಸಮಸಮ ಆಡಿ, ಮೂರನೆಯದರಲ್ಲಿ ಗೋಲು ಬಿಟ್ಟುಕೊಡುತ್ತಿದ್ದರು. ಎಲ್ಲರ ಬೆರಳೂ ಗೋಲ್‌ಕೀಪರ್ ಕಡೆಗೆ ತಿರುಗಿತ್ತು.

ಅವನಿಗೆ ಮೂವತ್ತೈದು. ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿತ್ತು. ಮಾತು ಕಡಿಮೆ. ಆ ವಯಸ್ಸಿನಲ್ಲಿ ಈ ಲೀಗಿನಿಂದ ಕೈಬಿಟ್ಟರೆ ಇನ್ನೊಂದು ತಂಡ ಕರೆಯುವುದಿಲ್ಲ, ಅಲ್ಲಿಗೆ ಮುಗಿಯಿತು. ಇದು ಅವನಿಗೂ ಗೊತ್ತಿತ್ತು, ಟಿಕೆಟ್ ಹರಿಯುವವನಿಗೂ ಗೊತ್ತಿತ್ತು.

ಇನ್ನು ನನ್ನ ನೋಟ್‌ಬುಕ್ಕಿನ ವಿಷಯ. ನಮ್ಮಪ್ಪ ಮೈಸೂರಿನಲ್ಲಿ ಲೀಗ್ ಕ್ರಿಕೆಟ್ಟಿನ ಸ್ಕೋರರ್. ರಜೆಯ ದಿನಗಳಲ್ಲಿ ನಾನು ಅವರ ಪಕ್ಕ ಮರದ ಮೇಜಿನ ಮುಂದೆ ಕೂತು ಬೆಳೆದವಳು. ರನ್ನಿಲ್ಲದ ಚೆಂಡಿಗೆ ಒಂದು ಚುಕ್ಕೆ. ಪ್ರತಿ ಓವರ್ ಮುಗಿದಾಗ ಎದುರು ತಂಡದ ಸ್ಕೋರರ್ ಜತೆ ಲೆಕ್ಕ ತಾಳೆ ನೋಡಬೇಕು. ಒಬ್ಬನ ಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಇನ್ನೊಬ್ಬನ ಪುಸ್ತಕಕ್ಕೆ ತಾಳೆಯಾಗುವವರೆಗೆ ಅದು ಸ್ಕೋರ್ ಅಲ್ಲ. ತಪ್ಪಾದರೆ ಅಳಿಸುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಹಳೆಯದು, ಹೊಸದು ಎರಡೂ ಓದಲು ಬರಬೇಕು. ನನಗೆ ಆಟ ನೋಡುವುದೆಂದರೆ ಇದೇ. ಬರೆಯದೆ ನೋಡಿದರೆ ಕೈ ತುರಿಸುತ್ತದೆ.

ಹಾಗಾಗಿ ಗೇಟಿನ ಪಕ್ಕ ನಿಂತಲ್ಲೇ ಚೌಕದ ನೋಟ್‌ಬುಕ್ಕಿನಲ್ಲಿ ನಿಮಿಷಕ್ಕೊಂದು ಚೌಕ ಹಾಕಿ ಬರೆಯುತ್ತಿದ್ದೆ. ಏನೂ ಆಗದಿದ್ದರೆ ಚುಕ್ಕೆ, ನಮ್ಮ ಗೋಲಿನ ಕಡೆ ಹೊಡೆತ ಬಂದರೆ ಸೊನ್ನೆ, ಗೋಲು ಹೋದರೆ ಕತ್ತರಿ ಗುರುತು. ಇದನ್ನು ನೋಡಿ ನನ್ನ ಗಂಡ ನಗುತ್ತಿದ್ದ. ಅವನು ಶಾರ್ಲಟ್‌ನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದ.

"ಏನೇ ಇದು, ಕ್ರಿಕೆಟ್ಟನ್ನ ಫ್ರಿಜ್ಜಲ್ಲಿಟ್ಟು ಸ್ಕೋರ್ ಮಾಡ್ತಿದೀಯಾ?" ಎನ್ನುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ನಾನು ದೊಡ್ಡ ತಪ್ಪು ಮಾಡಿದೆ. ಅಲ್ಲಿಯವರೆಗಿನ ಹನ್ನೊಂದು ಹೋಮ್ ಮ್ಯಾಚುಗಳ ಪುಟಗಳನ್ನು ಒಂದರ ಕೆಳಗೊಂದು ಅಂಟಿಸಿ ಜನರಲ್ ಮ್ಯಾನೇಜರ್ ಮುಂದೆ ಇಟ್ಟೆ. ಹೊಗಳಿಸಿಕೊಳ್ಳುವ ಆಸೆ, ಬೇರೇನಿಲ್ಲ. ಮೂರನೇ ಅವಧಿಯ ಕಂಬಸಾಲಿನಲ್ಲಿ ಕತ್ತರಿ ಗುರುತುಗಳು ಗುಂಪುಗುಂಪಾಗಿ ಕೂತಿದ್ದವು.

ಅವನು ಬಗ್ಗಿ ನೋಡಿದ. "ಇದು ಒಳ್ಳೇ ಕೆಲಸ. ನಾನು ಬಾಯಲ್ಲಿ ಹೇಳ್ತಾ ಇದ್ದೆ, ನೀವು ಪೇಪರ್ ಮೇಲೆ ತೋರ್ಸಿದೀರಿ. ಈ ಗೋಲ್‌ಕೀಪರ್ ಕಾಲು ಸೋತಿದೆ. ಈ ಭಾನುವಾರದ ಮ್ಯಾಚ್ ಆಡ್ಲಿ, ಸೋಮವಾರ ರಿಲೀಸ್ ಮಾಡ್ತೀನಿ."

"ಕೋಚ್ ಏನಂತಾರೆ?"

"ಇದನ್ನ ನೋಡಿದ್ಮೇಲೆ ಕೋಚ್ ಏನನ್ನೋಕೆ ಇದೆ?"

ನಾನು ಹೊರಗೆ ಬಂದೆ. ಹುಡುಗಾಟಕ್ಕೆ ಬರೆದ ನೋಟ್‌ಬುಕ್ಕಿನಿಂದ ಒಬ್ಬನ ಕೆಲಸ ಹೋಗುತ್ತಿದೆ. ಅದೂ ಯಾರ ಜತೆಗೂ ತಾಳೆ ನೋಡದ ನೋಟ್‌ಬುಕ್ಕು. ಅಪ್ಪ ಇದ್ದಿದ್ದರೆ ಮೇಜಿನಿಂದ ಎಬ್ಬಿಸಿ ಕಳಿಸುತ್ತಿದ್ದರು.

ತಾಳೆ ನೋಡಬೇಕೆಂದರೆ ಎರಡನೇ ಪುಸ್ತಕ ಬೇಕು. ಅದು ಯಾರ ಹತ್ತಿರ ಇದ್ದೀತು ಎಂದು ಇಡೀ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ್ದು ಐಸ್ ಮಷೀನಿನ ಚಾಲಕನ ಗೋಡೆಯ ಮೇಲೆ.

ವಿರಾಮದಲ್ಲಿ ಐಸನ್ನು ಕೆರೆದು, ಮೇಲೆ ಬಿಸಿನೀರಿನ ತೆಳುವಾದ ಪದರ ಹರಡಿ ನುಣುಪು ಮಾಡುವ ದೊಡ್ಡ ಗಾಡಿ ಅದು. ಅದನ್ನು ಓಡಿಸುತ್ತಿದ್ದವನು ಊರಿನ ಹಳೆಯ ಬಟ್ಟೆ ಗಿರಣಿಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಇಲ್ಲಿ ಸೇರಿದವನು. ಅರವತ್ತು ದಾಟಿತ್ತು. ಗಿರಣಿಯ ಅಭ್ಯಾಸ ಬಿಟ್ಟಿರಲಿಲ್ಲ: ಗಾಡಿ ಹೊರಗೆ ಹೋದ ಸಮಯ, ಒಳಗೆ ಬಂದ ಸಮಯ, ಐಸಿನ ಉಷ್ಣತೆ, ಪ್ರತಿ ಮ್ಯಾಚಿನದೂ ಶೆಡ್ಡಿನ ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದ. ಯಾರೂ ಕೇಳಿರಲಿಲ್ಲ, ಆದರೂ ಬರೆದಿದ್ದ. ಆ ಹಾಳೆ ನೋಡಿದ ಕೂಡಲೇ ಈ ಮನುಷ್ಯ ನಮ್ಮವನು ಅನ್ನಿಸಿತು.

ಇಬ್ಬರೂ ಉಲ್ಟಾ ಹಾಕಿದ ಬಕೆಟ್ಟುಗಳ ಮೇಲೆ ಕೂತೆವು. ನಾನು ನನ್ನ ಕತ್ತರಿ ಗುರುತು ಓದುತ್ತ ಹೋದೆ. ಅವನು ಕನ್ನಡಕ ಏರಿಸಿಕೊಂಡು ಕೇಳಿದ.

"ನಿಲ್ಸಿ. ಇವೆಲ್ಲ ಮೂರನೇ ಅವಧಿಯ ಶುರುವಲ್ಲೇ ಇವೆಯಲ್ಲ?"

"ಹೌದು. ಹೆಚ್ಚಿನವು ಮೊದಲ ಆರು ನಿಮಿಷದಲ್ಲಿ."

"ದಣಿದವನು ಕೊನೇಲಿ ಬೀಳ್ತಾನೆ ಕಣಮ್ಮ. ಹದಿನೈದು ನಿಮಿಷ ಕೂತು ಎದ್ದು ಬಂದ ತಕ್ಷಣ ಯಾಕೆ ಬೀಳ್ತಾನೆ?"

ಹನ್ನೊಂದು ಮ್ಯಾಚು ಬರೆದ ನನಗೆ ಇದು ಕಂಡಿರಲಿಲ್ಲ. ಅಂಕಿಗಳನ್ನು ನೋಡಿದ್ದೆ, ಮನುಷ್ಯನನ್ನು ನೋಡಿರಲಿಲ್ಲ.

ಆಮೇಲೆ ತಾಳೆ ನೋಡಿದೆವು. ಅವನ ಹಾಳೆಯ ಪ್ರಕಾರ ಮೊದಲ ವಿರಾಮದಲ್ಲಿ ಗಾಡಿ ಆಟಗಾರರ ಬೆನ್ನಿಗೇ ಹೊರಡುತ್ತಿತ್ತು. ಅವನು ಏಳೆಂಟು ನಿಮಿಷದಲ್ಲಿ ಮುಗಿಸಿ ಬಂದರೆ ನೀರು ಹೆಪ್ಪುಗಟ್ಟಲು ಇನ್ನೂ ಅಷ್ಟೇ ಸಮಯ ಉಳಿಯುತ್ತಿತ್ತು. ಎರಡನೇ ವಿರಾಮದಲ್ಲಿ ಮೊದಲು ನನ್ನ ಟ್ರಕ್ಕು. ಅದು ಬಂದು ನಿಂತು, ಜನ ಎಸೆದು, ಎಸೆದ ಬಿಲ್ಲೆಗಳನ್ನೆಲ್ಲ ಬಗ್ಗಿ ಬಗ್ಗಿ ಹೆಕ್ಕಿ, ಟ್ರಕ್ಕು ಹಿಂದೆ ಹೋಗುವಷ್ಟರಲ್ಲಿ ಏಳು ನಿಮಿಷ ಕರಗುತ್ತಿತ್ತು. ಅವನು ಓಡೋಡಿ ನೀರು ಹರಡಿ ಗೇಟಿನೊಳಗೆ ಬರುವುದಕ್ಕೂ ಆಟಗಾರರು ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಟ್ರಕ್ಕು ನಿಲ್ಲುತ್ತಿದ್ದದ್ದು ಗೇಟಿನ ತುದಿಯಲ್ಲಿ. ಗಾಡಿ ಹೊರಬೀಳುವುದೂ ಆ ಗೇಟಿನಿಂದಲೇ ಆದ್ದರಿಂದ ಕೊನೆಗೆ ಒದ್ದೆಯಾಗುವುದೂ ಅದೇ ತುದಿ. ತಂಡಗಳು ಪ್ರತಿ ಅವಧಿಗೆ ತುದಿ ಬದಲಿಸುತ್ತವೆ. ಒಂದನೇ ಮತ್ತು ಮೂರನೇ ಅವಧಿಯಲ್ಲಿ ನಮ್ಮ ಗೋಲ್‌ಕೀಪರ್ ನಿಲ್ಲುತ್ತಿದ್ದದ್ದು ಅಲ್ಲಿಯೇ. ಎದುರಾಳಿಯ ತುದಿ ಗಟ್ಟಿ, ನಮ್ಮದು ಅರೆಬೆಂದ ಗಂಜಿ.

ಎರಡು ಮ್ಯಾಚುಗಳಲ್ಲಿ ಮಾತ್ರ ಟ್ರಕ್ಕು ಬಂದಿರಲಿಲ್ಲ. ಒಂದು ದಿನ ಅದರ ಬ್ಯಾಟರಿ ಸತ್ತಿತ್ತು, ಇನ್ನೊಂದು ದಿನ ಡೀಲರ್ ಮಗಳ ಮದುವೆ. ನನ್ನ ಪುಟ ತೆಗೆದು ನೋಡಿದೆ. ಎರಡರಲ್ಲೂ ಆ ಆರು ನಿಮಿಷದ ಚೌಕಗಳಲ್ಲಿ ಚುಕ್ಕೆ, ಸೊನ್ನೆ, ಚುಕ್ಕೆ. ಒಂದೂ ಕತ್ತರಿಯಿಲ್ಲ.

ಚಾಲಕ ತುಂಟನಗೆ ನಕ್ಕ. "ಟ್ರಕ್ಕನ್ನ ಮೊದಲ ವಿರಾಮಕ್ಕೆ ಹಾಕ್ಸಿಬಿಡಿ. ಆಗ ಈ ತುದಿಗೆ ಬರೋನು ಅವರ ಗೋಲ್‌ಕೀಪರ್."

ನಗು ಬಂದರೂ ಬೇಡ ಎಂದೆ. ಒಬ್ಬನಿಗೆ ಮಾಡಿದ ಅನ್ಯಾಯವನ್ನು ಇನ್ನೊಬ್ಬನ ತಲೆಗೆ ಕಟ್ಟುವುದು ಪರಿಹಾರವಲ್ಲ.

ಮರುದಿನ ಅಭ್ಯಾಸ ಮುಗಿಸಿ ಪ್ಯಾಡ್ ಬಿಚ್ಚುತ್ತಿದ್ದ ಗೋಲ್‌ಕೀಪರನನ್ನು ನೇರವಾಗಿ ಕೇಳಿದೆ. "ಆ ಐಸ್ ಸರಿಯಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಪಕ್ಕಕ್ಕೆ ಜಾರೋಕೆ ತಳ್ಳಿದ್ರೆ ಕಾಲು ಐಸಿಗೆ ಕಚ್ಚಿಕೊಳ್ಳುತ್ತೆ. ನಾವು ಆಡೋ ಬಿಲ್ಲೆನೂ ಪುಟಿಯುತ್ತೆ."

"ಮತ್ತೆ ಹೇಳಲಿಲ್ಲ ಯಾಕೆ?"

"ಮೂವತ್ತೈದು ವರ್ಷದೋನು ಐಸ್ ಸರಿಯಿಲ್ಲ ಅಂದ್ರೆ ಜನ ಏನಂತಾರೆ, ನೀವೇ ಹೇಳಿ."

ನನ್ನ ನೋಟ್‌ಬುಕ್ಕಿನ ಕಥೆಯನ್ನು ಅವನಿಗೆ ಹೇಳಿದೆ. ಟ್ರಕ್ಕು ನನ್ನದೇ ಐಡಿಯಾ ಎಂಬುದನ್ನೂ ಹೇಳಿದೆ. ಅವನು ಬೈಯಲಿಲ್ಲ, ಸ್ಕೇಟಿನ ಲೇಸ್ ಸುತ್ತುತ್ತ ಕೂತ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶುಕ್ರವಾರ ಎರಡೂ ಪುಸ್ತಕಗಳನ್ನು, ನನ್ನ ನೋಟ್‌ಬುಕ್ಕು ಮತ್ತು ಚಾಲಕನ ಹಾಳೆಗಳನ್ನು, ಹಿಡಿದು ಜನರಲ್ ಮ್ಯಾನೇಜರ್ ಬಳಿ ಹೋದೆ. ಟ್ರಕ್ಕನ್ನು ಲಾಬಿಯಲ್ಲಿ ನಿಲ್ಲಿಸೋಣ, ಇಲ್ಲವೇ ಮ್ಯಾಚ್ ಮುಗಿದ ಮೇಲೆ ಐಸಿಗೆ ತರೋಣ ಎಂದೆ. ಅವನು ಪೂರ್ತಿ ಕೇಳಿದ, ಅದನ್ನು ಒಪ್ಪಬೇಕು.

"ಕಾಂಟ್ರ್ಯಾಕ್ಟ್‌ನಲ್ಲಿ ಎರಡನೇ ವಿರಾಮ ಅಂತ ಬರೆದಿದೆ. ಆಗ ಜನ ಎಲ್ಲ ಸೀಟಲ್ಲಿರ್ತಾರೆ. ಭಾನುವಾರ ಫುಲ್ ಹೌಸ್, ಡೀಲರ್ ಫ್ಯಾಮಿಲಿ ಸಮೇತ ಬರ್ತಿದಾನೆ."

"ಹಾಗಾದ್ರೆ ಗೋಲ್‌ಕೀಪರ್?"

"ನೋಡಿ, ಗೋಲ್‌ಕೀಪರ್ ಇನ್ನೊಬ್ಬ ಸಿಗ್ತಾನೆ. ಸ್ಪಾನ್ಸರ್ ಸಿಗಲ್ಲ. ಇದು ಬಿಸಿನೆಸ್."

"ಬಿಸಿನೆಸ್ಸೇ ಆದ್ರೆ, ಮನೇಲಿ ದಿನಾ ಸೋಲೋ ತಂಡಾನ ಯಾರು ನೋಡೋಕೆ ಬರ್ತಾರೆ?"

"ನಿಮ್ಮ ಟ್ರಕ್ ನೋಡೋಕೆ ಬರ್ತಾರೆ," ಎಂದು ನಕ್ಕು ಫೋನ್ ಎತ್ತಿಕೊಂಡ.

ಆ ನಗು ನನಗೆ ಚುಚ್ಚಿತು. ನಿಜವಾಗಿ ಹೇಳಬೇಕೆಂದರೆ ಸಿಟ್ಟು ಬಂದಿದ್ದು ಅವನ ಮೇಲಲ್ಲ. ನಾನು ಕಟ್ಟಿದ ಆಟ ನನ್ನ ಕೈಮೀರಿ ಹೋಗಿತ್ತು, ಅದನ್ನು ನಿಲ್ಲಿಸಲು ಇನ್ನೊಬ್ಬನ ಅಪ್ಪಣೆ ಬೇಡುತ್ತ ನಿಂತಿದ್ದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಶಾರ್ಲಟ್‌ನ ದಕ್ಷಿಣಕ್ಕೆ, ಬ್ಯಾಲಂಟೈನ್ ಕಡೆ, ಆಗಿನ್ನೂ ಮರ ಕಡಿದು ಮನೆ ಕಟ್ಟಲು ಶುರು ಮಾಡಿದ್ದರು. ಅಲ್ಲೊಂದು ಜಾಗ ನೋಡಿ ಬಂದ ಖುಷಿಯಲ್ಲಿದ್ದ.

"ನೀನ್ಯಾಕೆ ಮೂಗು ತೂರಿಸ್ತೀಯಾ? ಕೋಚ್ ಇದಾರೆ, ಟ್ರೇನರ್ ಇದಾರೆ. ನಿಂಗೆ ಜಾಬ್ ಸಿಕ್ಕಿರೋದೇ ಈಗ. ಸುಮ್ನೆ ರಿಸ್ಕ್ ತಗೋಬೇಡ."

"ಅವ್ನು ಹೋಗೋದು ನನ್ನ ಬುಕ್ಕಿಂದ ಕಣೋ."

"ಏನ್ ಮಾಡ್ತೀಯಾ ಹಾಗಾದ್ರೆ?"

"ಹೆಡ್‌ಸೆಟ್ ನನ್ ಹತ್ರ ಇರುತ್ತೆ."

"ನೀನು ಮಾಡೇ ಮಾಡ್ತೀಯಾ ಬಿಡು," ಎಂದ. ಅದು ಬೈಗುಳವೋ ಮೆಚ್ಚುಗೆಯೋ ನಾನು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಮ್ಯಾಚು. ಕೆರೊಲಿನಾದ ಜನವರಿಯಲ್ಲಿ ಎಲ್ಲೋ ಒಮ್ಮೆ ಬರುವ ಬೆಚ್ಚನೆಯ ದಿನ, ಜನ ತೋಳಿಲ್ಲದ ಅಂಗಿಯಲ್ಲಿ ಬಂದಿದ್ದರು. ಅಷ್ಟು ಜನರ ಉಸಿರು, ಹೊರಗಿನ ತೇವ, ಐಸಿಗೆ ಅದಕ್ಕಿಂತ ಕೆಟ್ಟ ದಿನ ಬೇಡ. ಬೆಳಿಗ್ಗೆಯೇ ಎರಡೂ ಪುಸ್ತಕಗಳನ್ನು ಕೋಚ್ ಕೈಗೆ ಕೊಟ್ಟಿದ್ದೆ. "ಮ್ಯಾಚ್ ಆದ್ಮೇಲೆ ನೋಡ್ತೀನಿ" ಎಂದು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗಿದ್ದ. ನನಗೆ ಬೇರೆ ನೋಟ್‌ಬುಕ್ಕು ಇತ್ತು.

ಎರಡು ಅವಧಿ ಮುಗಿದಾಗ ಎರಡು-ಎರಡು. ಆಟಗಾರರು ಒಳಗೆ ಹೋದರು. ಗೇಟಿನ ಹಿಂದೆ ಟ್ರಕ್ಕು ಎಂಜಿನ್ ಗುರುಗುಟ್ಟಿಸುತ್ತ ನಿಂತಿತ್ತು. ಅದರ ಹಿಂದೆ ಐಸ್ ಮಷೀನು, ಅದರ ಮೇಲೆ ನನ್ನ ಎರಡನೇ ಸ್ಕೋರರ್. ಪ್ರೇಕ್ಷಕರು ಬಿಲ್ಲೆ ಹಿಡಿದ ಕೈ ಎತ್ತಿದ್ದರು. ಹೆಡ್‌ಸೆಟ್ಟಿನಲ್ಲಿ ಅನೌನ್ಸರ್ ಕೇಳಿದ, "ಟ್ರಕ್ ರೆಡಿನಾ?"

ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡೆ.

"ಟ್ರಕ್ ಇಲ್ಲ," ಎಂದೆ. "ಮಷೀನ್ ಬಿಡಿ. ಬಿಲ್ಲೆ ಕೈಯಲ್ಲೇ ಇಟ್ಕೊಳ್ಳಿ, ಎಸೆಯೋದು ಮ್ಯಾಚ್ ಮುಗಿದ ಮೇಲೆ ಅಂತ ಅನೌನ್ಸ್ ಮಾಡಿ."

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ."

ಟ್ರಕ್ಕಿನವನು ಪಕ್ಕಕ್ಕೆ ಸರಿಸಿದ. ಐಸ್ ಮಷೀನು ನನ್ನ ಮುಂದಿನಿಂದ ಹೊರಟಿತು. ಚಾಲಕ ನನ್ನ ಕಡೆ ನೋಡಲಿಲ್ಲ, ನೇರವಾಗಿ ಮುಂದೆ ನೋಡುತ್ತ, ಗಡಿಬಿಡಿಯಿಲ್ಲದೆ ಸುತ್ತು ಹಾಕಿದ. ಮೇಲಿನ ಸೀಟುಗಳಿಂದ ಕೂಗಾಟ ಬಂತು, ನಾಲ್ಕೈದು ಬಿಲ್ಲೆ ಬಿದ್ದವು. ಹೆಡ್‌ಸೆಟ್ಟಿನಲ್ಲಿ ಜನರಲ್ ಮ್ಯಾನೇಜರ್ ನನ್ನ ಹೆಸರನ್ನು ಮೂರು ಸಲ ಕರೆದ. ಹೆಡ್‌ಸೆಟ್ ತೆಗೆದು ಕೊರಳಿಗೆ ಹಾಕಿಕೊಂಡೆ. ಎಂಟು ನಿಮಿಷಕ್ಕೆ ಗಾಡಿ ಒಳಗೆ ಬಂತು. ಮಿಕ್ಕ ಸಮಯ ಖಾಲಿ ಐಸಿನ ಮೇಲೆ ಯಾರೂ ಇರಲಿಲ್ಲ. ನೀರಿನ ಹೊಳಪು ಮೆಲ್ಲಗೆ ಮಂಕಾಗಿ ಬೂದುಬಣ್ಣಕ್ಕೆ ತಿರುಗುವುದನ್ನು ನಾನು ಮೊದಲ ಸಲ ನೋಡಿದೆ.

ಮೂರನೇ ಅವಧಿ. ಮೊದಲ ನಿಮಿಷ, ಸೊನ್ನೆ. ಎರಡು, ಚುಕ್ಕೆ. ಮೂರರಲ್ಲಿ ಎರಡು ಸೊನ್ನೆ. ಗೋಲ್‌ಕೀಪರ್ ಗೋಲಿನ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಜಾರಿದ, ಕಾಲು ಕಚ್ಚಿಕೊಳ್ಳಲಿಲ್ಲ. ನಾಲ್ಕು, ಚುಕ್ಕೆ. ಐದು, ಸೊನ್ನೆ. ಆರು, ಚುಕ್ಕೆ. ಆಟ ಇನ್ನೂ ಮುಗಿದಿರಲಿಲ್ಲ, ಆದರೆ ನನಗೆ ಬೇಕಾದದ್ದು ಸಿಕ್ಕಿತ್ತು.

ಹದಿನೇಳನೇ ನಿಮಿಷದಲ್ಲಿ ಎದುರಾಳಿಯೊಬ್ಬ ದೂರದಿಂದ ಬೀಸಿದ ಹೊಡೆತ ಮೇಲಿನ ಮೂಲೆಗೆ ಹೋಯಿತು. ಕತ್ತರಿ ಹಾಕಿದೆ. ಮೂರು-ಎರಡು, ನಾವು ಸೋತೆವು.

ಸೋತ ಮೇಲೆ ಟ್ರಕ್ಕು ಐಸಿಗೆ ಬಂತು. ಅರ್ಧದಷ್ಟು ಜನ ಉಳಿದು ಎಸೆದರು. ಡೀಲರ್ ಮಾತ್ರ ಅಷ್ಟರಲ್ಲಿ ಫ್ಯಾಮಿಲಿ ಸಮೇತ ಹೊರಟುಹೋಗಿದ್ದ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಮೂವರು: ಜನರಲ್ ಮ್ಯಾನೇಜರ್, ಕೋಚ್, ನಾನು. ಮ್ಯಾನೇಜರ್ ಮೇಜಿನ ಮೇಲೆ ಗೋಲ್‌ಕೀಪರನ ರಿಲೀಸ್ ಪತ್ರ ಇತ್ತು.

"ಮ್ಯಾಚೂ ಹೋಯ್ತು, ಸ್ಪಾನ್ಸರೂ ಮುನಿಸಿಕೊಂಡ," ಎಂದ ಅವನು.

ಕೋಚ್ ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ರಾತ್ರಿ ಓದಿದ್ದನೆಂದು ಕಣ್ಣುಗಳು ಹೇಳುತ್ತಿದ್ದವು. "ನಿನ್ನೆಯ ಗೋಲನ್ನ ಯಾವನೂ ತಡೀತಿರ್ಲಿಲ್ಲ. ಆ ಮೊದಲ ಆರು ನಿಮಿಷ ನಾನು ನೋಡಿದೀನಿ. ಅವನು ಇರ್ತಾನೆ. ಅವನನ್ನ ಕಳಿಸೋದಾದ್ರೆ ನನ್ನ ಹೆಸರೂ ಅದೇ ಪತ್ರದಲ್ಲಿ ಟೈಪ್ ಮಾಡಿ."

ಮ್ಯಾನೇಜರ್ ಆ ಪತ್ರವನ್ನು ಡ್ರಾಯರಿಗೆ ಹಾಕಿದ. ಕೋಚ್ ಹೊರಗೆ ಹೋದ ಮೇಲೆ ಇನ್ನೊಂದು ಹಾಳೆಯನ್ನು ನನ್ನ ಕಡೆ ತಳ್ಳಿದ. ಡೀಲರಿಗೆ ಕಳಿಸುವ ಕ್ಷಮಾಪಣೆ, ನನ್ನ ಹೆಸರಿನಲ್ಲಿ. ಭಾನುವಾರ ಟ್ರಕ್ಕಿಗೆ ಸೂಚನೆ ಕೊಡುವುದು ನನ್ನ ಅಜಾಗರೂಕತೆಯಿಂದ ತಪ್ಪಿಹೋಯಿತು, ಮುಂದಿನ ಮ್ಯಾಚಿನಿಂದ ಎಲ್ಲವೂ ಎಂದಿನಂತೆ ನಡೆಯುವುದು ಎಂದು ಟೈಪಾಗಿತ್ತು.

ಅವನ ದನಿ ಮೃದುವಾಗಿತ್ತು. "ಸೈನ್ ಮಾಡಿ. ನಿಮ್ಮ ಕೆಲಸ ಹಾಗೇ ಇರುತ್ತೆ. ಎಲ್ರೂ ಮರೀತಾರೆ."

ನಾನು ಎರಡು ಸಲ ಓದಿದೆ. ಸಹಿ ಹಾಕಿದರೆ ನನ್ನ ಕೆಲಸ ಉಳಿಯುತ್ತಿತ್ತು. ಟ್ರಕ್ಕೂ ಎರಡನೇ ವಿರಾಮಕ್ಕೇ ವಾಪಸ್ ಬರುತ್ತಿತ್ತು, ಐಸು ಮತ್ತೆ ಗಂಜಿಯಾಗುತ್ತಿತ್ತು, ಇನ್ನು ನಾಲ್ಕು ಮ್ಯಾಚಿಗೆ ಡ್ರಾಯರಿನ ಪತ್ರ ಹೊರಗೆ ಬರುತ್ತಿತ್ತು. ನಾನು ಮರೆತಿದ್ದೆ ಎಂದಾದರೆ ಐಸಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದಾಗುತ್ತದೆ.

ಪೆನ್ನು ತೆಗೆದು "ಅಜಾಗರೂಕತೆಯಿಂದ" ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದೆ. ಮೇಲೆ "ಗೊತ್ತಿದ್ದೇ, ಐಸ್ ಗಟ್ಟಿಯಾಗಲೆಂದು" ಎಂದು ಬರೆದೆ. "ಎಂದಿನಂತೆ" ಎಂಬ ಮಾತಿಗೂ ಗೆರೆ. ಪಕ್ಕದಲ್ಲಿ ಸಹಿ ಹಾಕಿದೆ.

ಅವನು ಹಾಳೆ ನೋಡಿ, "ಸರಿಯಾಗಿ ಹೊಡೆದಾದ್ರೂ ಹಾಕಬಾರ್ದಾ? ಕೆಳಗಿರೋದು ಕಾಣ್ತಿದೆ," ಎಂದ.

"ಕಾಣ್ಬೇಕು," ಎಂದೆ. "ನೀವು ಏನು ಬರೆಸೋಕೆ ಹೊರಟಿದ್ರಿ ಅಂತ ಅವರಿಗೂ ಗೊತ್ತಾಗ್ಬೇಕು."

ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜು ಖಾಲಿಯಾಯಿತು. ನನ್ನದೇ ತಪ್ಪೆಂದು ತೋರಿಸಲು ಮ್ಯಾನೇಜರ್ ಆ ಹಾಳೆಯನ್ನು ಹಾಗೆಯೇ ಡೀಲರಿಗೆ ಫ್ಯಾಕ್ಸ್ ಮಾಡಿದನಂತೆ. ಡೀಲರ್ ಅದನ್ನು ಓದಿ, ತನ್ನ ಟ್ರಕ್ಕಿನಿಂದ ಊರಿನ ತಂಡ ಸೋಲುತ್ತಿದೆ ಎಂದು ಜನ ಮಾತಾಡುವುದು ತನಗೆ ಬೇಕಿಲ್ಲ ಎಂದನಂತೆ. ಇದನ್ನೆಲ್ಲ ಐಸ್ ಮಷೀನಿನ ಚಾಲಕ ಫೋನ್ ಮಾಡಿ ಹೇಳಿದ.

ಮುಂದಿನ ಹೋಮ್ ಮ್ಯಾಚಿಗೆ ಟಿಕೆಟ್ ಕೊಂಡು ಹೋದೆ. ಗಂಡನೂ ಬಂದ. ಟ್ರಕ್ಕು ಲಾಬಿಯಲ್ಲಿ ನಿಂತಿತ್ತು, ಜನ ಸಾಲಾಗಿ ನಿಂತು ಅದರೊಳಗೆ ಬಿಲ್ಲೆ ಎಸೆಯುತ್ತಿದ್ದರು. ನಾವು ಗೇಟಿನ ತುದಿಯಲ್ಲಿ, ಗೋಲಿನ ಹಿಂದೆಯೇ ಕೂತೆವು. ಎರಡನೇ ವಿರಾಮಕ್ಕೆ ಗೇಟು ತೆರೆದಾಗ ಮೊದಲು ಹೊರಬಂದದ್ದು ಐಸ್ ಮಷೀನು. ಮೂರನೇ ಅವಧಿಗೆ ನಮ್ಮ ಗೋಲ್‌ಕೀಪರ್ ನಮ್ಮ ಮುಂದೆಯೇ ಬಂದು ನಿಂತ, ಸ್ಕೇಟಿನಿಂದ ಐಸನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆರೆದು ನೋಡಿದ, ತಲೆಯಾಡಿಸಿದ. ಗಂಡ ತನ್ನ ಜೇಬಿನಿಂದ ಇನ್ನೊಂದು ನೋಟ್‌ಬುಕ್ಕು ತೆಗೆದು, "ನಾನೂ ಬರೀತೀನಿ, ಆಮೇಲೆ ತಾಳೆ ನೋಡೋಣ," ಎಂದ.

ಮೊದಲ ನಿಮಿಷ ಮುಗಿಯಿತು. ಇಬ್ಬರೂ ಚುಕ್ಕೆ ಇಟ್ಟೆವು.